ಸೋಂಕು, ರೋಗನಿರೋಧ ಮತ್ತು ಗಣಕಮಾದರಿ: ಜ್ಞಾನಭಾರತಿಯ ನೆರೆಯ ಒಂದು ಅಧ್ಯಾಯ

ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದ ಸಮೀಪ, ಮೈಸೂರು ರಸ್ತೆಯ ಎಂಟನೆಯ ಮೈಲಿಯಲ್ಲಿ, ಭಾರತೀಯ ಸಾಂಖ್ಯಿಕ ಸಂಸ್ಥೆಯ ಬೆಂಗಳೂರು ಕೇಂದ್ರವಿದೆ. ಸಂಭವನೀಯತಾ ಸಿದ್ಧಾಂತಕ್ಕೆ ಹೆಸರಾದ ಈ ಕೇಂದ್ರವು 2020ರಲ್ಲಿ ಸಾಂಕ್ರಾಮಿಕ ರೋಗದ ಅಧ್ಯಯನಕ್ಕೆ ಇಳಿದದ್ದು ಕರ್ನಾಟಕದ ವಿಜ್ಞಾನ ಚರಿತ್ರೆಯಲ್ಲಿ ಗಮನಿಸಬೇಕಾದ ಸಂಗತಿ.

ಕೋವಿಡ್‌ನ ಆರಂಭದ ತಿಂಗಳುಗಳಲ್ಲಿ ರಾಜ್ಯದ ಆರೋಗ್ಯ ಇಲಾಖೆಯ ದೈನಂದಿನ ಪ್ರಕಟಣೆಗಳು ಪ್ರತಿ ರೋಗಿಗೂ ‘ಪಿ’ ಅಕ್ಷರದೊಡನೆ ಒಂದು ಸಂಖ್ಯೆ ನೀಡಿ, ಸೋಂಕು ಯಾರಿಂದ ಬಂದಿತೆಂಬುದನ್ನೂ ಸೂಚಿಸುತ್ತಿದ್ದವು. ಮನುಷ್ಯರನ್ನು ಸಂಖ್ಯೆಗಳಾಗಿಸಿದ ಆ ಪಟ್ಟಿಗಳು ಓದುಗರಿಗೆ ಭೀತಿ ಹುಟ್ಟಿಸಿದರೂ ಸಂಶೋಧಕರಿಗೆ ಅಪೂರ್ವ ಆಕರವಾದವು. ಆಗ ಈ ಕೇಂದ್ರದಲ್ಲಿದ್ದ ಶಿವ ಆತ್ರೇಯ ಮತ್ತು ಅವರ ಸಹವರ್ತಿಗಳು ಈ ಸಂಪರ್ಕ ಸರಪಳಿಗಳಿಂದ ರೋಗದ ಪ್ರಸರಣಾಂಕವನ್ನೂ ಅದರ ಹರವನ್ನೂ ಅಂದಾಜಿಸಿದರು. ಬಹುಪಾಲು ಸೋಂಕಿತರು ಯಾರಿಗೂ ರೋಗ ಹಬ್ಬಿಸದೆ, ಕೆಲವರಷ್ಟೇ ಹಲವರಿಗೆ ಹಬ್ಬಿಸುವ ರೋಗದಲ್ಲಿ ಸರಾಸರಿಯೊಂದನ್ನೇ ನಂಬುವಂತಿಲ್ಲ.

ಒಬ್ಬನೇ ರೋಗಿಯ ದೇಹದೊಳಗಿನ ಕದನವನ್ನು ಸಮೀಕರಣಗಳಲ್ಲಿ ಹಿಡಿಯುವ ಪರಂಪರೆ ಇದಕ್ಕಿಂತ ಹಳೆಯದು. 1995-96ರಲ್ಲಿ ಎಚ್‌ಐವಿ ಸೋಂಕಿತರಿಗೆ ಔಷಧ ನೀಡಿ, ರಕ್ತದಲ್ಲಿ ವೈರಾಣು ಇಳಿಯುವ ವೇಗವನ್ನು ಅಳೆದ ಅಲನ್ ಪೆರೆಲ್ಸನ್, ಡೇವಿಡ್ ಹೋ ಮೊದಲಾದವರು, ದಿನಕ್ಕೆ ಸುಮಾರು 1,000 ಕೋಟಿ ವೈರಾಣುಗಳು ಹುಟ್ಟಿ ಅಳಿಯುತ್ತವೆಂದು ತೋರಿಸಿದರು. ಹೊರನೋಟಕ್ಕೆ ಸುಪ್ತವೆನಿಸಿದ್ದ ರೋಗವು ಒಳಗೆ ಬಿಡುವಿಲ್ಲದ ಹೋರಾಟವಾಗಿತ್ತು. ಪೆರೆಲ್ಸನ್ ಅವರೊಡನೆ ಕೆಲಸ ಮಾಡಿದ ನರೇಂದ್ರ ದೀಕ್ಷಿತ್, 2004ರಲ್ಲಿ ‘ನೇಚರ್’ ಪತ್ರಿಕೆಯ ಪ್ರಬಂಧದಲ್ಲಿ ಹೆಪಟೈಟಿಸ್-ಸಿ ಚಿಕಿತ್ಸೆಯ ಒಗಟೊಂದನ್ನು ಬಿಡಿಸಿದರು. ರಿಬಾವಿರಿನ್ ಔಷಧವು ಹೊಸ ವೈರಾಣುಗಳಲ್ಲಿ ಒಂದಂಶವನ್ನು ಸೋಂಕುಶಕ್ತಿಯಿಲ್ಲದಂತೆ ಮಾಡುವುದಾದರೆ, ಇಂಟರ್‌ಫೆರಾನ್ ಚೆನ್ನಾಗಿ ಫಲಿಸುವವರಲ್ಲಿ ಅದರ ನೆರವು ಕಾಣದು. ದುರ್ಬಲವಾಗಿ ಫಲಿಸುವವರಲ್ಲಿ ಮಾತ್ರ ಎದ್ದು ಕಾಣುತ್ತದೆ. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಸಾಯನಿಕ ಇಂಜಿನಿಯರಿಂಗ್ ವಿಭಾಗದಲ್ಲಿ ಈ ಪರಂಪರೆಯನ್ನು ಬೆಳೆಸಿದರು.

ದೇಹದ ಮಾದರಿ ಮತ್ತು ನಗರದ ಮಾದರಿ ಬೆಂಗಳೂರಿನಲ್ಲಿ ಸಂಧಿಸಿದ್ದು 2020ರಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ರಾಜೇಶ್ ಸುಂದರೇಶನ್ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಸಂದೀಪ್ ಜುನೇಜ ಮೊದಲಾದವರು ರೂಪಿಸಿದ ಅನುಕರಣ ವ್ಯವಸ್ಥೆಯಲ್ಲಿ ದೀಕ್ಷಿತ್ ಅವರೂ ಸಹಲೇಖಕರು. ಅಂದಿನ ಪಾಲಿಕೆಯ 198 ವಾರ್ಡುಗಳಲ್ಲಿ ಹರಡಿದ ಸುಮಾರು 1.23 ಕೋಟಿ ಕಲ್ಪಿತ ನಿವಾಸಿಗಳಿಗೆ ಗಣಕದಲ್ಲಿ ಮನೆ, ಶಾಲೆ, ಉದ್ಯೋಗಸ್ಥಳಗಳನ್ನು ಕಲ್ಪಿಸಲಾಯಿತು. ಜ್ಞಾನಭಾರತಿ ವಾರ್ಡು ಕೂಡ ಆ ಕಲ್ಪಿತ ನಗರದ ಒಂದು ಅಂಗ. ಶಾಲೆ ಮುಚ್ಚಿದರೆ, ಕಚೇರಿಗೆ ಅರ್ಧ ಮಂದಿ ಮಾತ್ರ ಬಂದರೆ ಏನಾದೀತೆಂದು ಹೋಲಿಸಿ ನೋಡುವುದು ಇದರ ಉದ್ದೇಶವಾಗಿತ್ತು; ಇದನ್ನು ಭವಿಷ್ಯವಾಣಿಯೆಂದು ಓದಿದವರು ಅದರ ಮೇಲೆ ಹೊರಲಾರದ ಹೊರೆ ಹೇರಿದರು. ಇಂಥ ಮಾದರಿಗಳಲ್ಲಿ ರೋಗದ ಹಂತಗಳ ಸರಪಳಿ ಗುಣಮುಖವಾಗುವುದರಲ್ಲಿ ಅಥವಾ ಸಾವಿನಲ್ಲಿ ಮುಗಿಯುತ್ತಿತ್ತು. ಗುಣವಾದವರ ರಕ್ಷಣೆ ಎಷ್ಟು ಕಾಲ ನಿಲ್ಲುವುದೆಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಆ ಪ್ರಶ್ನೆಯ ತೂಕವನ್ನು ತೋರಿಸಿದ್ದು ರಾಜ್ಯವ್ಯಾಪಿ ಪ್ರತಿಕಾಯ ಸಮೀಕ್ಷೆ. ಗಿರಿಧರ ಬಾಬು, ಸುಂದರೇಶನ್, ಆತ್ರೇಯ ಮೊದಲಾದವರಿದ್ದ ತಂಡವು 2020ರ ಸೆಪ್ಟೆಂಬರ್‌ನಲ್ಲಿ ಗರ್ಭಿಣಿಯರು, ಬಸ್ ನಿರ್ವಾಹಕರು, ಮಾರುಕಟ್ಟೆಯ ವ್ಯಾಪಾರಿಗಳು, ವೃದ್ಧರು ಮುಂತಾದವರನ್ನು ಪರೀಕ್ಷಿಸಿತು. ರಾಜ್ಯದ 7.07 ಕೋಟಿ ಜನರಲ್ಲಿ 1.93 ಕೋಟಿ ಮಂದಿ, ಎಂದರೆ ಶೇ. 27.3ರಷ್ಟು, ಆಗ ಸೋಂಕು ಹೊಂದಿದ್ದರು ಅಥವಾ ಹಿಂದೆ ಹೊಂದಿದ್ದವರು. ದಾಖಲಾದ ಪ್ರತಿ ಪ್ರಕರಣಕ್ಕೆ ಸುಮಾರು 40 ಸೋಂಕಿತರಿದ್ದರೆಂದಾಯಿತು. 2021ರ ಜನವರಿ-ಫೆಬ್ರವರಿಯ ಎರಡನೆಯ ಸುತ್ತಿನಲ್ಲಿ ಪ್ರತಿಕಾಯ ಕಂಡದ್ದು ಶೇ. 15.6 ಮಂದಿಯಲ್ಲಿ ಮಾತ್ರ! ಸೋಂಕಿತರಾಗಿದ್ದವರ ಮೊತ್ತ ಇಳಿಯಲು ಸಾಧ್ಯವಿಲ್ಲ. ಹಲವರ ರಕ್ತದಲ್ಲಿ ಪ್ರತಿಕಾಯವು ಪರೀಕ್ಷೆಗೆ ಸಿಗದಷ್ಟು ಕ್ಷೀಣಿಸಿತ್ತೆಂಬುದೇ ಇದಕ್ಕೆ ಸಮಂಜಸವಾದ ವಿವರಣೆ. ಪ್ರತಿಕಾಯದ ಅಭಾವವೇ ರಕ್ಷಣೆಯ ಅಭಾವವಲ್ಲ, ಸ್ಮೃತಿಕೋಶಗಳು ಉಳಿದಿರಬಹುದು. ಆದರೆ ಮೊದಲ ಅಲೆಯಿಂದ ದೊರೆತ ರಕ್ಷಣೆಯನ್ನು ನೆಚ್ಚಿ ಕೂರುವಂತಿರಲಿಲ್ಲ. ಕೆಲವೇ ವಾರಗಳಲ್ಲಿ, ಏಪ್ರಿಲ್-ಮೇ ತಿಂಗಳಲ್ಲಿ, ಡೆಲ್ಟಾ ರೂಪಾಂತರಿಯೊಡನೆ ಬಂದ ಎರಡನೆಯ ಅಲೆಯಲ್ಲಿ ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿದವು.

ಅದೇ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ಕೋವಿಶೀಲ್ಡ್‌ನ ಎರಡು ಡೋಸುಗಳ ಅಂತರವನ್ನು 12ರಿಂದ 16 ವಾರಗಳಿಗೆ ಹಿಗ್ಗಿಸಿತು. ಅಂತರ ಹೆಚ್ಚಿದರೆ ರಕ್ಷಣೆ ಏಕೆ ಉತ್ತಮಗೊಳ್ಳಬಹುದೆಂಬುದಕ್ಕೆ ದೀಕ್ಷಿತ್ ತಂಡ 2021ರಲ್ಲಿ ಗಣಕಮಾದರಿಯಿಂದಲೇ ಕಾರಣ ಸೂಚಿಸಿತು: ದುಗ್ಧಗ್ರಂಥಿಗಳಲ್ಲಿ ಬಿ-ಕೋಶಗಳು ಪ್ರತಿಜನಕಕ್ಕಾಗಿ ಸ್ಪರ್ಧಿಸುತ್ತವೆ, ಪ್ರತಿಜನಕ ವಿರಳವಾದಾಗ ಆಯ್ಕೆ ಕಠಿಣವಾಗಿ, ಬಿಗಿಯಾಗಿ ಅಂಟಬಲ್ಲ ಪ್ರತಿಕಾಯಗಳನ್ನು ತಯಾರಿಸುವ ಕೋಶಗಳು ಗೆಲ್ಲುತ್ತವೆ. 2022ರಲ್ಲಿ ಅದೇ ತಂಡವು ಸಹಜ ರೋಗನಿರೋಧ ಮತ್ತು ಟಿ-ಕೋಶಗಳ ಪ್ರತಿಕ್ರಿಯೆಯ ಬಲ ಹಾಗೂ ಸಮಯದ ವ್ಯತ್ಯಾಸದಿಂದಲೇ ಒಬ್ಬರಿಗೆ ಸಾಧಾರಣ, ಮತ್ತೊಬ್ಬರಿಗೆ ಉಗ್ರ ಕಾಯಿಲೆ ಬರುವ ಬಗೆಯನ್ನು ನಿರೂಪಿಸಿತು.