ಬಾಲಾನಗರದ ಕಸುಬು, ಹೃದಯದ ಲಯ

ಹೈದರಾಬಾದಿನ ಬಾಲಾನಗರವನ್ನು ಕೈಗಾರಿಕಾ ಪ್ರದೇಶವಾಗಿ ಬೆಳೆಸಿದ್ದರಲ್ಲಿ ಸರ್ಕಾರದ ಪಾಲು ದೊಡ್ಡದು. ಸೋವಿಯತ್ ನೆರವಿನ ಸರ್ಕಾರಿ ಕಂಪನಿ ಐಡಿಪಿಎಲ್ ಇಲ್ಲಿ ಔಷಧ ತಯಾರಿಸಿತು. ಬೆಂಗಳೂರಿನ ಎಚ್‌ಎಎಲ್ 1965ರಲ್ಲಿ ವಿಮಾನಗಳ ಎಲೆಕ್ಟ್ರಾನಿಕ್ ಉಪಕರಣಗಳಿಗೆಂದು ವಿಭಾಗ ತೆರೆಯಿತು. 1968ರಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಟೂಲ್ ಡಿಸೈನ್ ಬಂತು. ಗದ್ದಲದ ನಡುವಿನಿಂದ ಸಂಕೇತವನ್ನು ಹೆಕ್ಕುವುದು, ಲೋಹವನ್ನು ಕೂದಲೆಳೆಯ ಲೆಕ್ಕದಲ್ಲಿ ಕೊರೆಯುವುದು: ದೇಹದೊಳಗೆ ಕೂರುವ ಹೃದಯ ಸಾಧನಕ್ಕೂ ಬೇಕಾದ ಕಸುಬುಗಳಿವು. ಆದರೂ ಬಾಲಾನಗರ ವಿಮಾನಕ್ಕೆ, ಔಷಧಕ್ಕೆ ಹೆಸರಾಯಿತೇ ಹೊರತು ಪೇಸ್‌ಮೇಕರಿಗಲ್ಲ. ಕೌಶಲ ಸಾಲದೆ ಹೀಗಾಯಿತು ಎನ್ನುವುದಕ್ಕಿಂತ, ಕಾರ್ಖಾನೆಗೂ ಆಸ್ಪತ್ರೆಯ ವಾರ್ಡಿಗೂ ನಂಟು ಬೆಳೆಯಲಿಲ್ಲ ಎನ್ನುವುದೇ ಸರಿ.

ಈ ಸಾಧನಗಳ ಚರಿತ್ರೆಯೇ ಇದಕ್ಕೆ ಸಾಕ್ಷಿ. 1958ರಲ್ಲಿ ಸ್ವೀಡನ್ನಿನ ಶಸ್ತ್ರವೈದ್ಯ ಸೆನ್ನಿಂಗ್, ಎಂಜಿನಿಯರ್ ಎಲ್ಮ್‌ಕ್ವಿಸ್ಟ್ ಮಾಡಿದ ಪೇಸ್‌ಮೇಕರನ್ನು ರೋಗಿಯ ದೇಹದೊಳಗಿಟ್ಟರು. ಅದು ಒಂದೇ ಗತಿಯಲ್ಲಿ ಮಿಡಿಸುತ್ತಿತ್ತು. ಹೃದಯದ ಮಾತು ಕೇಳುತ್ತಿರಲಿಲ್ಲ. ಅರವತ್ತರ ದಶಕದಲ್ಲಿ ಎಂಜಿನಿಯರ್ ಬರ್ಕೊವಿಟ್ಸ್‌ರ ಪೇಸ್‌ಮೇಕರ್ ಕೇಳುವುದನ್ನು ಕಲಿಯಿತು. 1980ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವೈದ್ಯ ಮಿರೋವ್‌ಸ್ಕಿ ತಂಡದ, ಅಪಾಯದ ಲಯವನ್ನು ಶಾಕ್ ಕೊಟ್ಟು ಸರಿಪಡಿಸುವ ಡಿಫಿಬ್ರಿಲೇಟರ್ ಮೊದಲ ರೋಗಿಯ ದೇಹ ಸೇರಿತು. ಇನ್ನು ಯಂತ್ರ ತೀರ್ಪನ್ನೂ ಕೊಡಬೇಕಾಯಿತು. ಮೆಟ್ಟಿಲು ಓಡಿ ಹತ್ತಿದವನ ನಾಡಿಯೂ ನಿಮಿಷಕ್ಕೆ 150 ಮುಟ್ಟೀತು. ಹಾಗಾಗಿ ವೇಗವೊಂದೇ ಸಾಲದು. ಬಡಿತ ಮೆಲ್ಲಗೆ ಏರಿದರೆ ಅದು ಬಹುಪಾಲು ಶ್ರಮದ್ದು; ಥಟ್ಟನೆ ಏರಿ ಸಮ ಅಂತರದಲ್ಲಿ ನಿಂತರೆ ಕೆಳಕೋಣೆಯ ಅಪಾಯದ ಲಯವಿರಬಹುದು; ಅಂತರ ಏರುಪೇರಾದರೆ ಮೇಲುಕೋಣೆಯ ಕಂಪನದ ಶಂಕೆ. ತೀರ್ಪು ತಪ್ಪಿದರೆ ಎಚ್ಚರವಿರುವ ರೋಗಿಗೆ ವಿನಾಕಾರಣ ಶಾಕ್. ಇಂಥ ಸೂತ್ರಗಳು ಹುಟ್ಟುವುದು ರೋಗಿಗಳ ದಾಖಲೆಯನ್ನು ವೈದ್ಯ, ಎಂಜಿನಿಯರ್ ಜೊತೆಗೆ ಕೂತು ಓದಿದಾಗ.

ಚಿಪ್, ಲಿಥಿಯಂ ಬ್ಯಾಟರಿಗಳು ಇಲ್ಲದ ದೇಶಕ್ಕೆ ಇದೆಲ್ಲ ಎಟುಕುತ್ತಿತ್ತೇ ಎಂದು ಕೇಳಬಹುದು. ಕೊರತೆ ನಿಜ. ಆದರೆ ಆಸ್ಪತ್ರೆಯನ್ನೂ ಪ್ರಯೋಗಾಲಯವನ್ನೂ ಒಂದೇ ಸಂಸ್ಥೆಯಲ್ಲಿ ಕಟ್ಟಿದ ತಿರುವನಂತಪುರದ ಶ್ರೀ ಚಿತ್ರಾ, ಹಲವು ಮಾದರಿಗಳು ಸೋತ ಮೇಲೂ 1990ರಲ್ಲಿ ತನ್ನದೇ ಹೃದಯ ಕವಾಟವನ್ನು ರೋಗಿಗೆ ಅಳವಡಿಸಿತು. ಹೈದರಾಬಾದಿನಲ್ಲೇ ಕ್ಷಿಪಣಿ ವಿಜ್ಞಾನಿ ಅಬ್ದುಲ್ ಕಲಾಂ, ಹೃದ್ರೋಗ ತಜ್ಞ ಸೋಮರಾಜು ಕೈಜೋಡಿಸಿದ್ದರಿಂದ ತೊಂಬತ್ತರ ದಶಕದಲ್ಲಿ ಸ್ಟೆಂಟ್ ಬಂತು. ಕವಾಟ, ಸ್ಟೆಂಟ್‌ಗಳು ಲಯ ನೋಡಿ ನಿರ್ಧರಿಸಬೇಕಿಲ್ಲವಲ್ಲ ಎಂಬ ಆಕ್ಷೇಪವೂ ಉಂಟು. ಅದು ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ: ನಿರ್ಧರಿಸುವ ಯಂತ್ರಕ್ಕೆ ವೈದ್ಯರ ಸಹವಾಸ ಇನ್ನೂ ಹೆಚ್ಚು ಬೇಕು. ವೈದ್ಯಕೀಯ ಸಾಧನಗಳಿಗೆಂದು ಹೊಸ ಕೈಗಾರಿಕಾ ಪ್ರದೇಶ ಕಟ್ಟುವವರು ಜಮೀನು, ವಿದ್ಯುತ್ ಕೊಟ್ಟು ಸುಮ್ಮನಾಗದೆ, ಪಕ್ಕದಲ್ಲೊಂದು ಬೋಧನಾ ಆಸ್ಪತ್ರೆಗೂ ಜಾಗ ಬಿಡಲಿ.