ಗಾರೆಗೆ ಮೊದಲು ಬೀಳುವ ಉಳಿಪೆಟ್ಟು

ಕಳೆದ ವರ್ಷ ಶಾಸನ ಹುಡುಕಿಕೊಂಡು ಒಂದೂರಿನ ದೇವಸ್ಥಾನಕ್ಕೆ ಹೋಗಿದ್ದೆ. ಮಂಟಪದ ಚಾವಣಿಯಲ್ಲಿ ಹಳೇ ಚಿತ್ರಗಳು, ಅವುಗಳ ಕೆಳಗೆ ಬಣ್ಣದಲ್ಲಿ ಬರೆದ ಸಣ್ಣ ಸಾಲುಗಳು ಇದ್ದವಂತೆ. ನೋಡಿದರೆ ಹೊಸ ಸಿಮೆಂಟ್ ಪ್ಲಾಸ್ಟರ್! "ಬಣ್ಣದ ಮೇಲೆ ಗಾರೆ ಹಿಡಿಯಲ್ಲ ಸಾರ್, ಅದಕ್ಕೇ ಮೊದ್ಲು ಉಳೀಲಿ ಕಚ್ಚು ಹಾಕಿದ್ವಿ" ಅಂದರು ಮೇಸ್ತ್ರಿ.

ಎಂಜಿನಿಯರ್ ಆಗಿ ಆ ಮಾತನ್ನು ತಪ್ಪು ಅನ್ನಲಾರೆ. ನುಣುಪು ಮೇಲ್ಮೈಗೆ ಗಾರೆ ಸರಿಯಾಗಿ ಅಂಟುವುದಿಲ್ಲ. ಚಾವಣಿಯಲ್ಲಂತೂ ತನ್ನ ಭಾರಕ್ಕೇ ಕಳಚಿ ಬೀಳಬಹುದು. ಕಚ್ಚಿನೊಳಗೆ ಹೊಕ್ಕು ಗಟ್ಟಿಯಾದರೆ ಹಿಡಿತ ಸಿಗುತ್ತದೆ. ಆದರೆ ಒಂದೊಂದು ಕಚ್ಚಿಗೂ ಒಂದೊಂದು ಅಕ್ಷರ ಹೋಗಿರುತ್ತದೆ.

ಮುಚ್ಚಿದ್ದೆಲ್ಲ ಹಾಳಾಗಲೇಬೇಕು ಅಂತೇನಿಲ್ಲ. ತಂಜಾವೂರಿನ ಬೃಹದೀಶ್ವರ ದೇವಾಲಯದ ಒಳ ಪ್ರದಕ್ಷಿಣಾ ಪಥದಲ್ಲಿ ನಾಯಕರ ಕಾಲದ ಚಿತ್ರಗಳ ಅಡಿಯಲ್ಲಿ 11ನೇ ಶತಮಾನದ ಚೋಳರ ಚಿತ್ರಗಳು ಉಳಿದಿದ್ದವು. 1931ರಲ್ಲಿ ಎಸ್.ಕೆ. ಗೋವಿಂದಸ್ವಾಮಿ ಅವನ್ನು ಗುರುತಿಸಿದರು. ಮುಂದೆ ಪುರಾತತ್ವ ಸರ್ವೇಕ್ಷಣದ ರಸಾಯನ ತಜ್ಞರು ಕೆಲವೆಡೆ ಮೇಲಿನ ಪದರವನ್ನು ಬಿಡಿಸಿ ತೆಗೆದು, ಎರಡೂ ಕಾಲದ ಚಿತ್ರಗಳನ್ನು ಉಳಿಸಿದರು. ಉಳಿ ತಿಂದ ಅಕ್ಷರಕ್ಕೆ ಆ ಭಾಗ್ಯ ಇಲ್ಲ.

ನಿಮ್ಮೂರಿನ ಗುಡಿಗೆ ಜೀರ್ಣೋದ್ಧಾರ ಅಂತ ಸಾರುವೆ ಕಟ್ಟಿದ ದಿನವೇ ಹೋಗಿ. ಚಾವಣಿ ಅಷ್ಟು ಹತ್ತಿರದಿಂದ ಮತ್ತೆ ಸಿಗೋದಿಲ್ಲ. ಓರೆ ಬೆಳಕು ಬಿಟ್ಟು, ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಮೇಸ್ತ್ರಿಯ ಜೊತೆ ಒಂದು ಮಾತಾಡಿ. ನಾನು ಹೋದದ್ದು ಒಂದು ವಾರ ತಡವಾಗಿತ್ತು.