ಸುತ್ತಿಗೆಗೆ ಬಗ್ಗದ ಡಾಲ್ಫಿನ್

ಚನ್ನಪಟ್ಟಣ, ಹೊಂಗನೂರು ಸೀಮೆಯವರಿಗೆ ಅರಗಿನ ಗುಣ ಹೇಳಿಕೊಡಬೇಕಿಲ್ಲ. ಲೇತಿನ ಮೇಲೆ ಗಿರ್ರನೆ ತಿರುಗುವ ಹಾಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ, ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಆರಿದರೆ ಗಟ್ಟಿ, ಮತ್ತೆ ಬಿಸಿ ತಾಗಿದರೆ ಮತ್ತೆ ಮೆದು. ಈ ಅರಗಿಗೆ ಬದಲಿ ಹುಡುಕಲು ಹೊರಟ ಲಿಯೋ ಬೇಕ್‌ಲ್ಯಾಂಡ್ 1907ರಲ್ಲಿ ಬೇಕಲೈಟ್ ತಯಾರಿಸಿದ. ಪೂರ್ಣ ಕೃತಕವಾದ ಮೊದಲ ಪ್ಲಾಸ್ಟಿಕ್ ಅದು. ಆದರೆ ಅದರ ಜಾತಿಯೇ ಬೇರೆ. ಒಮ್ಮೆ ಗಟ್ಟಿಯಾದರೆ ಮುಗಿಯಿತು. ಎಷ್ಟು ಕಾಸಿದರೂ ಸುಟ್ಟೀತೇ ಹೊರತು ಕರಗದು.

ಈ ಎರಡನೆಯ ಜಾತಿಯ ಪ್ಲಾಸ್ಟಿಕ್ಕಿನ ಮೈ ಹೊತ್ತ ಕಾರುಗಳು ಒಂದು ಕಾಲಕ್ಕೆ ಬೆಂಗಳೂರಿನಲ್ಲೇ ತಯಾರಾಗುತ್ತಿದ್ದವು ಎಂಬುದು ಇಂದಿನ ಎಷ್ಟೋ ಮಂದಿಗೆ ಗೊತ್ತಿಲ್ಲ. 1970ರ ದಶಕದಲ್ಲಿ ‘ಬಾದಲ್’ ಎಂಬ ಮೂರು ಚಕ್ರದ ಪುಟ್ಟ ಕಾರು ಬಂತು. 1982ರಲ್ಲಿ ಸಿಪಾನಿ ಸಂಸ್ಥೆಯ ‘ಡಾಲ್ಫಿನ್’ ರಸ್ತೆಗಿಳಿಯಿತು. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ‘ಕಿಟನ್’ ಕಾರೇ ಇದರ ಮೂಲ. 848 ಸಿ.ಸಿ. ಎಂಜಿನ್, ಎರಡು ಬಾಗಿಲು, ಹಗುರ ಮೈ. ರೇಸ್ ಪ್ರಿಯರಿಗೆ ಅಚ್ಚುಮೆಚ್ಚಾಗಿದ್ದ ಕಾರದು.

ಉಕ್ಕು ಬಿಟ್ಟು ಫೈಬರ್ ಏಕೆ? ತಗಡನ್ನು ಕಾರಿನ ಆಕಾರಕ್ಕೆ ಒತ್ತುವ ಭಾರಿ ಪ್ರೆಸ್ಸುಗಳಿಗೆ, ಅಚ್ಚುಗಳಿಗೆ ಅಪಾರ ಬಂಡವಾಳ ಬೇಕು. ಸಾವಿರಗಟ್ಟಲೆ ಕಾರು ಮಾರಿದರಷ್ಟೇ ಅದು ಗಿಟ್ಟೀತು. ಗಾಜಿನ ನಾರಿನ ಚಾಪೆಯನ್ನು ಅಚ್ಚಿನಲ್ಲಿ ಹಾಸಿ, ಪಾಲಿಯೆಸ್ಟರ್ ರೆಸಿನ್ ಬಳಿದು ಒಣಗಿಸಲು ಕೈಕೆಲಸ ಸಾಕು. 1953ರಲ್ಲಿ ಅಮೆರಿಕದ ಷೆವರ್ಲೆ ‘ಕಾರ್ವೆಟ್’ ಹಿಡಿದದ್ದೂ ಇದೇ ದಾರಿ. ಆದರೆ 1983ರ ಡಿಸೆಂಬರ್‌ನಲ್ಲಿ ಬಂದ ಉಕ್ಕಿನ ಮೈಯ ಮಾರುತಿ 800ರ ಮುಂದೆ ಡಾಲ್ಫಿನ್ ನಿಲ್ಲಲಿಲ್ಲ. ಬಿಡಿಭಾಗಗಳೂ ಕ್ರಮೇಣ ಮಾಯವಾದವು.

ಉಳಿದ ಕಾರುಗಳ ಕಷ್ಟ ಇಲ್ಲಿಂದ ಶುರು. ನಮ್ಮ ಟಿಂಕರಿಂಗ್ ಕೆಲಸಗಾರರ ಕೈ ಪಳಗಿರುವುದು ತಗಡಿಗೆ. ಅಂಬಾಸಡರ್‌ನ ಮಡ್‌ಗಾರ್ಡ್ ನೆಗ್ಗಿದರೆ ಹಿಂದಿನಿಂದ ಬಡಿದು ನೆಟ್ಟಗೆ ಮಾಡಬಹುದು. ಡಾಲ್ಫಿನ್ನಿನದು ನೆಗ್ಗುವುದಿಲ್ಲ, ಸೀಳುತ್ತದೆ. ಸುತ್ತಿಗೆಯ ಪೆಟ್ಟು ಬಿದ್ದರೆ ಸೀಳು ಇನ್ನಷ್ಟು ಹರಿಯುತ್ತದೆ. ಸೀಳಿನ ಮೇಲೆ ಬರಿ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವುದು ಇನ್ನೊಂದು ತಪ್ಪು. ಪುಟ್ಟಿಯಲ್ಲಿ ನಾರಿಲ್ಲ, ಬಲವೂ ಇಲ್ಲ. ಕಾರು ಅಲುಗಾಡಿದಂತೆ ಕೆಲವೇ ತಿಂಗಳಲ್ಲಿ ಅದೇ ಗೆರೆ ಮತ್ತೆ ಮೂಡುತ್ತದೆ.

ಸರಿಯಾದ ರಿಪೇರಿ ಒಳಮೈಯಿಂದ ಆಗಬೇಕು. ಮೊದಲು ಸಡಿಲಗೊಂಡ ನಾರನ್ನೆಲ್ಲ ಉಜ್ಜಿ ತೆಗೆದು, ಸೀಳಿನ ಅಂಚನ್ನು ಅಗಲವಾಗಿ ಇಳಿಜಾರು ಮಾಡಿಕೊಳ್ಳಬೇಕು. ಹಳೆಯ ಫೈಬರ್ ಕರಗಿ ಹೊಸದರೊಂದಿಗೆ ಬೆರೆಯುವುದಿಲ್ಲ. ಹಿಡಿತ ಸಿಗುವುದು ಒರಟಾದ ಮೈಯಿಂದ ಮಾತ್ರ. ಎಣ್ಣೆ, ಧೂಳು ಒರೆಸಿ, ಹಾರ್ಡನರ್ ಬೆರೆಸಿದ ರೆಸಿನ್ ಬಳಿದು, ಗಾಜಿನ ಚಾಪೆಯ ತುಂಡುಗಳನ್ನು ಒಂದರ ಮೇಲೊಂದು ಹಾಸುತ್ತ ಬ್ರಷ್ಷಿನಿಂದ ಕುಟ್ಟಿ ಗಾಳಿಗುಳ್ಳೆ ಹೊರಡಿಸಬೇಕು. ಬೆರೆಸಿದ ರೆಸಿನ್ ಡಬ್ಬಿಯಲ್ಲೇ ಗಟ್ಟಿಯಾಗುವ ಮುನ್ನ ಇದಿಷ್ಟೂ ಮುಗಿಯಬೇಕು. ಪುಟ್ಟಿಗೆ ಸರದಿ ಕಡೆಯಲ್ಲಿ, ಅದೂ ತೆಳುವಾಗಿ. ಉಜ್ಜುವಾಗ ಮೂಗು ಮುಚ್ಚಿಕೊಳ್ಳದಿದ್ದರೆ ಗಾಜಿನ ಧೂಳು ನೇರ ಎದೆಗೆ.

2001ರಲ್ಲಿ ಬೆಂಗಳೂರಿನಿಂದಲೇ ಬಂದ ವಿದ್ಯುತ್ ಕಾರು ‘ರೇವಾ’ದ ಮೈಯೂ ಪ್ಲಾಸ್ಟಿಕ್ಕೇ. ಆದರೆ ಅದು ಎ.ಬಿ.ಎಸ್.; ಅಂದರೆ ಅರಗಿನ ಜಾತಿ. ಬಿಸಿಗೆ ಮೆದುವಾಗುವುದರಿಂದ ಅದನ್ನು ಕಾಸಿ ಬೆಸೆಯಬಹುದು. ಒಂದೇ ಊರಿನ ಎರಡು ಪ್ಲಾಸ್ಟಿಕ್ ಕಾರುಗಳಿಗೆ ಎರಡು ಬಗೆಯ ಮದ್ದು.

ಡಾಲ್ಫಿನ್ನಿನ ಭಾಗವೇ ಕಳೆದುಹೋಗಿದ್ದರೆ? ಅದಕ್ಕೂ ದಾರಿಯುಂಟು. ಇನ್ನೊಂದು ಡಾಲ್ಫಿನ್ನಿನ ಮಡ್‌ಗಾರ್ಡಿಗೆ ಮೇಣ ಸವರಿ, ಅದರ ಮೇಲೆಯೇ ಫೈಬರ್ ಹಾಸಿ ಅಚ್ಚು ತೆಗೆದು, ಆ ಅಚ್ಚಿನಲ್ಲಿ ಹೊಸದನ್ನು ಎರೆಯಬಹುದು. ಪ್ರೆಸ್ಸೂ ಬೇಡ, ಕಾರ್ಖಾನೆಯೂ ಬೇಡ. ಆದರೆ ಅಚ್ಚು ಕೊಡಲು ಒಂದಾದರೂ ನೆಟ್ಟಗಿನ ಕಾರು ಉಳಿದಿರಬೇಕಲ್ಲ! ಗುಜರಿಯಲ್ಲಿ ಉಕ್ಕಿಗೆ ತೂಕದ ಬೆಲೆಯುಂಟು, ಫೈಬರಿಗಿಲ್ಲ. ಎಂಜಿನ್ ಬಿಚ್ಚಿಕೊಂಡ ಮೇಲೆ ಮೈಯನ್ನು ಒಡೆದು ಎಸೆಯುವುದೇ ವಾಡಿಕೆ. ಎಡಬದಿಯ ಅಚ್ಚು ಬಲಬದಿಗೆ ಒಗ್ಗುವುದೂ ಇಲ್ಲ. ಎರಡಕ್ಕೂ ಬೇರೆ ಬೇರೆ ಮಾದರಿ ಸಿಗಬೇಕು.